ಉಚ್ಚಿಲದ ಉಪ್ಪುಗಾಳಿಯಲ್ಲಿ ವಾಚಿನ ಬೆಲ್ಟು

ಪಡುಬಿದ್ರಿಯಿಂದ ಕಾಪುವಿನ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟರೆ ಎರ್ಮಾಳು ದಾಟಿದ ಕೂಡಲೇ ಉಚ್ಚಿಲ. ಹೆದ್ದಾರಿಯ ಪಡುವಣಕ್ಕೆ ತೆಂಗಿನ ತೋಟ, ಅದರಾಚೆ ಮರಳು, ಮರಳಿನಾಚೆ ಅರಬ್ಬಿ ಸಮುದ್ರ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ ಕಬ್ಬಿಣದ ಕಿಟಕಿ ಸರಳಿಗೆ ಆಗಾಗ ಬಣ್ಣ ಬಳಿಯದಿದ್ದರೆ ತುಕ್ಕು ಚಕ್ಕೆಯೇಳುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಕಪಾಟಿನೊಳಗಿಟ್ಟ ಚಪ್ಪಲಿ, ಪರ್ಸು, ಸೊಂಟದ ಬೆಲ್ಟು ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ. ಮಳೆಗಾಲ ಕಳೆದರೆ ಉಳಿದ ಎಂಟು ತಿಂಗಳು ಬೆವರು. ಇಂಥ ಊರಿನಲ್ಲಿ ಬೆಲೆಬಾಳುವ ಕೈಗಡಿಯಾರವನ್ನು ಕೊಳ್ಳುವುದಕ್ಕಿಂತ ಅದನ್ನು ಕೈಯಲ್ಲಿ ಉಳಿಸಿಕೊಳ್ಳುವುದೇ ಕಷ್ಟ.

ಗಡಿಯಾರದ ಚರಿತ್ರೆ ಬರೆದವರು ಒಳಗಿನ ಯಂತ್ರದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಬೆಲ್ಟಿಗೆ ಸಿಕ್ಕಿರುವುದು ಅಡಿಟಿಪ್ಪಣಿಯಷ್ಟು ಜಾಗ. ಆದರೆ ವಾಚು ಕಳೆದುಹೋಗುವುದು ಯಂತ್ರ ಕೆಟ್ಟು ಅಲ್ಲವಲ್ಲ. ಬೆಲ್ಟಿನ ಹೊಲಿಗೆ ಬಿಟ್ಟು, ಬಕ್ಕಲಿನ ಮುಳ್ಳು ಜಾರಿ, ವಾಚಿಗೂ ಬೆಲ್ಟಿಗೂ ನಡುವೆ ಕೂತಿರುವ ಪಿನ್ನು ತುಕ್ಕು ತಿಂದು ಮುರಿದು ಅದು ಹೋಗುತ್ತದೆ. ಒಡೆದ ಗಾಜನ್ನು ಬದಲಿಸಬಹುದು, ನಿಂತ ಯಂತ್ರವನ್ನು ರಿಪೇರಿ ಮಾಡಿಸಬಹುದು. ಅಳಿವೆಯ ನೀರಿಗೆ ಬಿದ್ದ ವಾಚು ಸಿಗುವುದಿಲ್ಲ. ಕರಾವಳಿಯ ಜನ ಈ ಲೆಕ್ಕವನ್ನು ಮೊದಲಿನಿಂದ ಬಲ್ಲರು. ಬೊಂಬಾಯಿ, ಸೈನ್ಯ, ಬೆಂಗಳೂರಿನ ಕಾರ್ಖಾನೆ, ಕೊಲ್ಲಿ ದೇಶಗಳ ದುಡಿಮೆ, ಮಲ್ಪೆಯ ಬೋಟು, ದೇವಸ್ಥಾನ, ಮಸೀದಿ ಎಲ್ಲವೂ ಆ ಒಂದು ಪಟ್ಟಿಯ ಮೇಲೆ ಗುರುತು ಬಿಟ್ಟಿವೆ.

ಮೊದಲು ಬಂದದ್ದು ಜೇಬು ಗಡಿಯಾರ. ಸ್ವಿಸ್ ಕಂಪನಿಯಾದ ಫಾವ್ರ್ ಲೂಬಾ 1860ರ ದಶಕದಲ್ಲೇ ಭಾರತದ ಮಾರುಕಟ್ಟೆಗೆ ಬಂದು ಬೊಂಬಾಯಿಯಲ್ಲಿ ನೆಲೆಯೂರಿತು. 1880ರ ದಶಕದಲ್ಲಿ ವೆಸ್ಟ್ ಎಂಡ್ ವಾಚ್ ಕಂಪನಿ ಅದೇ ನಗರದಲ್ಲಿ ವ್ಯಾಪಾರ ಶುರುಮಾಡಿತು. ತುಳುನಾಡಿನ ಯುವಕರು ಹೋಟೆಲು, ಗಿರಣಿ, ಬಂದರಿನ ಕೆಲಸ ಹುಡುಕಿಕೊಂಡು ಹೋಗುತ್ತಿದ್ದ ಊರೂ ಅದೇ. ಹಳೆಯ ಗುತ್ತು ಮನೆಗಳ ಚಾವಡಿಯಲ್ಲಿ ತೂಗುಹಾಕಿದ ಫೋಟೋಗಳಲ್ಲಿ ಕೋಟು, ಮುಂಡಾಸಿನ ಹಿರಿಯರ ಎದೆಯ ಮೇಲೆ ಒಂದು ಬಳುಕಿದ ಸರಪಳಿ ಕಾಣುತ್ತದೆ. ಅದರ ಒಂದು ತುದಿ ಗುಂಡಿಯ ಕಾಜಕ್ಕೆ, ಇನ್ನೊಂದು ತುದಿ ಜೇಬಿನೊಳಗಿನ ಗಡಿಯಾರಕ್ಕೆ. ನೋಡುವವರಿಗೆ ಅದು ಅಂತಸ್ತು. ಕಟ್ಟಿಕೊಂಡವರಿಗೆ ಕೈತಪ್ಪಿದರೂ ನೆಲಕ್ಕೆ ಬೀಳದಂತೆ ತಡೆಯುವ ಭದ್ರತೆ.

ಕೋಟೇ ಇಲ್ಲದವರು ಏನು ಮಾಡಬೇಕು? 1934ರ ಫೆಬ್ರವರಿ 25ರಂದು ಹರಿಜನ ಯಾತ್ರೆಯಲ್ಲಿ ಉಡುಪಿಗೆ ಬಂದ ಗಾಂಧೀಜಿಗೆ ಜೇಬೂ ಇರಲಿಲ್ಲ, ಗುಂಡಿಯೂ ಇರಲಿಲ್ಲ. ಅವರು ಗಡಿಯಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತೂಗುಬಿಡುತ್ತಿದ್ದುದನ್ನು ಆ ಕಾಲದ ಹಲವು ಚಿತ್ರಗಳಲ್ಲಿ ನೋಡಬಹುದು. ಆ ಏರ್ಪಾಡಿನ ಮಿತಿಯೂ ಮುಂದೆ ಗೊತ್ತಾಯಿತು. ಅವರ ಪ್ರೀತಿಯ ಜೆನಿತ್ ಗಡಿಯಾರ 1947ರಲ್ಲಿ ರೈಲು ಪ್ರಯಾಣದ ನಡುವೆ ಕಳವಾಯಿತು. ಕೆಲವು ತಿಂಗಳ ಬಳಿಕ ಕದ್ದವನೇ ಬಂದು ಒಪ್ಪಿಸಿ ಕ್ಷಮೆ ಕೇಳಿದ.

ಗಡಿಯಾರವನ್ನು ಜೇಬಿನಿಂದ ಮಣಿಕಟ್ಟಿಗೆ ಏರಿಸಿದ್ದು ಯುದ್ಧ. ಅದಕ್ಕೆ ಮುಂಚೆ ಯುರೋಪಿನಲ್ಲಿ ಕೈಗಡಿಯಾರವೆಂದರೆ ಹೆಂಗಸರು ಬಳೆಯಂತೆ ತೊಡುವ ಒಡವೆ. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಜೇಬು ಗಡಿಯಾರವನ್ನು ಚರ್ಮದ ಬಟ್ಟಲಿನಂಥ ಹೊದಿಕೆಯಲ್ಲಿ ಕೂರಿಸಿ, ಪಟ್ಟಿ ಹಾಕಿ ಕೈಗೆ ಬಿಗಿದುಕೊಂಡರು. ಕುದುರೆ ಮೇಲೆ ಕೂತವನಿಗೆ, ಕೈಯಲ್ಲಿ ಬಂದೂಕು ಹಿಡಿದವನಿಗೆ ಜೇಬು ತಡಕಾಡಲು ಪುರುಸೊತ್ತಿರುವುದಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಕೈಗಡಿಯಾರ ಸೈನಿಕರ ಸಾಮಾನಾಯಿತು. ವೆಸ್ಟ್ ಎಂಡ್ ಕಂಪನಿಯ ಹೆಸರುವಾಸಿ ಮಾದರಿಗೆ ಅಶ್ವದಳದ ಸವಾರನ ಹೆಸರೇ ಇತ್ತು. ಬ್ರಿಟಿಷ್ ಇಂಡಿಯಾದ ಸೈನಿಕರು ಅದನ್ನು ಕಟ್ಟಿಕೊಂಡು ದೂರದ ರಣರಂಗಗಳಿಗೆ ಹೋದರು.

ಆ ಕಾಲದ ವಾಚುಗಳಲ್ಲಿ ಒಂದು ಸಂಗತಿ ಗಮನಿಸಬೇಕು. ಬೆಲ್ಟು ಹಾಯುವ ತಂತಿಯನ್ನು ವಾಚಿನ ಮೈಗೇ ಬೆಸುಗೆ ಹಾಕಿರುತ್ತಿದ್ದರು. ಪಿನ್ನು ಕಳಚುವ ಮಾತೇ ಇಲ್ಲ. ಬೆಲ್ಟು ಹಳತಾದರೆ ಕತ್ತರಿಸಿ ತೆಗೆದು, ಹೊಸದನ್ನು ತಂತಿಯ ಸುತ್ತ ಸುತ್ತಿ ಹೊಲಿಯಬೇಕು ಅಥವಾ ಅಂಟಿಸಬೇಕು. ಬದಲಿಸುವುದು ರಗಳೆಯ ಕೆಲಸ, ಆದರೆ ವಾಚು ಬೀಳಬೇಕಾದರೆ ಚರ್ಮವೇ ಹರಿಯಬೇಕು. ಭದ್ರತೆಯ ದೃಷ್ಟಿಯಿಂದ ನೂರು ವರ್ಷ ಹಿಂದಿನ ಆ ಬೆಸುಗೆ ಇಂದಿನ ಎಷ್ಟೋ ದುಬಾರಿ ವಾಚುಗಳಿಗಿಂತ ಮೇಲು.

ಮಹಾಯುದ್ಧಕ್ಕೆ ಮುಂಚೆಯೇ ಪ್ಯಾರಿಸ್ಸಿನಲ್ಲಿ ಇನ್ನೊಂದು ದಾರಿ ತೆರೆದಿತ್ತು. ವಾಯುನೌಕೆ ಹಾರಿಸುತ್ತಿದ್ದ ಬ್ರೆಜಿಲಿನ ಆಲ್ಬರ್ಟೊ ಸ್ಯಾಂಟೋಸ್ ಡ್ಯೂಮಾಂಟ್‌ಗಾಗಿ ಲೂಯಿ ಕಾರ್ತಿಯೇ 1904ರಲ್ಲಿ ಕೈಗಡಿಯಾರ ಮಾಡಿಕೊಟ್ಟ. ಕೆಲವೇ ವರ್ಷಗಳಲ್ಲಿ ಅದೇ ಸಂಸ್ಥೆ ಮಡಚುವ ಬಕ್ಕಲಿಗೆ ಪೇಟೆಂಟ್ ಪಡೆಯಿತು. ಸಾಮಾನ್ಯ ಬಕ್ಕಲು ಬಿಚ್ಚಿದರೆ ಬೆಲ್ಟು ಎರಡು ತುಂಡಾಗಿ ವಾಚು ಜಾರುತ್ತದೆ. ಮಡಚುವ ಬಕ್ಕಲು ತಪ್ಪಿ ತೆರೆದುಕೊಂಡರೂ ಬಳೆಯಾಕಾರ ಕೆಡುವುದಿಲ್ಲ. ವಾಚು ಅಂಗೈಯವರೆಗೆ ಇಳಿದು ನಿಲ್ಲುತ್ತದೆ, ಹಿಡಿದುಕೊಳ್ಳಲು ಒಂದು ಕ್ಷಣ ಸಿಗುತ್ತದೆ. ಜತೆಗೆ ಚರ್ಮವನ್ನು ದಿನಾ ಬಾಗಿಸಿ ತೂತಿನ ಹತ್ತಿರ ಸೀಳುವುದೂ ತಪ್ಪುತ್ತದೆ.

ಇನ್ನು ಪಿನ್ನಿನ ವಿಷಯ. ಬೆಸುಗೆಯ ತಂತಿ ಹೋಗಿ, ಕಳಚಬಹುದಾದ ಸ್ಪ್ರಿಂಗ್ ಪಿನ್ನು 1930ರ ದಶಕದ ಹೊತ್ತಿಗೆ ಎಲ್ಲೆಡೆ ಬಳಕೆಗೆ ಬಂತು. ಸಣ್ಣ ಕೊಳವೆ, ಒಳಗೊಂದು ಸ್ಪ್ರಿಂಗು, ಎರಡು ಬದಿಗೆ ಒತ್ತಿದರೆ ಒಳಸರಿಯುವ ಮೂತಿ. ಮೂತಿಗಳು ವಾಚಿನ ಕೊಂಬುಗಳಲ್ಲಿ ಕೊರೆದ ಗುಳಿಗೆ ಹೋಗಿ ಕೂರುತ್ತವೆ. ಸಾಮಾನ್ಯ ಪಿನ್ನಿನ ದಪ್ಪ ಒಂದೂವರೆ ಮಿಲಿಮೀಟರ್. ಮೂತಿ ಅದಕ್ಕಿಂತಲೂ ತೆಳು. ಸಾವಿರದ ವಾಚೇ ಇರಲಿ, ಲಕ್ಷದ್ದೇ ಇರಲಿ, ಇಂಥ ಎರಡು ಪಿನ್ನುಗಳ ಮೇಲೆ ಅದು ನೇತಾಡುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ಸಾಕು.

ಕರಾವಳಿಯಲ್ಲಿ ಈ ಪಿನ್ನಿಗೆ ಒಳಗಿನಿಂದಲೇ ಶತ್ರು. ಬೆವರಿನ ಉಪ್ಪು, ಕಡಲ ನೀರಿನ ಉಪ್ಪು ಕೊಳವೆಯೊಳಗೆ ಇಳಿದು ಅಲ್ಲೇ ನಿಲ್ಲುತ್ತದೆ. ಗಾಳಿಯಾಡದ ಇಕ್ಕಟ್ಟಿನಲ್ಲಿ ನಿಂತ ಉಪ್ಪುನೀರು ಸ್ಟೀಲನ್ನೂ ಕೊರೆಯಬಲ್ಲದು. ಹೊರಗೆ ಬೆಲ್ಟು ಮುಚ್ಚಿಕೊಂಡಿರುವುದರಿಂದ ಯಾರಿಗೂ ಕಾಣುವುದಿಲ್ಲ. ಸ್ಪ್ರಿಂಗು ತುಕ್ಕಿನಿಂದ ಸಿಕ್ಕಿಕೊಂಡು ಮೂತಿ ಅರ್ಧಕ್ಕೇ ನಿಲ್ಲುತ್ತದೆ, ಒಂದು ದಿನ ಬಸ್ಸಿನ ಕಂಬಿಗೆ ಕೈ ತಾಗಿದಾಗ ಜಾರುತ್ತದೆ. ಬೆಲ್ಟು ಬದಲಿಸಲು ಕೂತ ರಿಪೇರಿಯವರು ಹಳೆಯ ಪಿನ್ನನ್ನು ಎಬ್ಬಿಸಿದಾಗ ಕಂದು ಪುಡಿ ಉದುರುವುದು ಈ ಭಾಗದಲ್ಲಿ ಹೊಸ ನೋಟವೇನಲ್ಲ. ಹೊಸ ಬೆಲ್ಟಿಗೆ ಹಳೆ ಪಿನ್ನನ್ನೇ ಹಾಕಿಸಿಕೊಳ್ಳುವುದು ಉಳಿತಾಯದ ಅತಿ ಕೆಟ್ಟ ರೀತಿ. ಸ್ಟೀಲಿನಲ್ಲೂ ಜಾತಿಗಳಿವೆ. ವಾಚು ತಯಾರಕರು ಮೆಚ್ಚುವ 316ಎಲ್ ಸ್ಟೀಲಿನಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುವುದರಿಂದ ಉಪ್ಪಿಗೆ ಬೇಗ ಸೋಲುವುದಿಲ್ಲ. ಜಪಾನಿನ ಸೀಕೊ ಕಂಪನಿ ಸಮುದ್ರದಲ್ಲಿ ಮುಳುಗುವವರ ವಾಚುಗಳಿಗೆ ಎರಡೂವರೆ ಮಿಲಿಮೀಟರ್ ದಪ್ಪದ ಪಿನ್ನು ಹಾಕುತ್ತ ಬಂದದ್ದು ಸುಮ್ಮನೆ ಅಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಬಹಳ ವರ್ಷ ವಾಚೆಂದರೆ ಹೊರದೇಶದ ಸರಕು, ಶ್ರೀಮಂತರ ಸ್ವತ್ತು. ಅದನ್ನು ಬದಲಿಸಿದ್ದು ಬೆಂಗಳೂರು. 1953ರಲ್ಲಿ ಜಾಲಹಳ್ಳಿಯಲ್ಲಿ ಯಂತ್ರೋಪಕರಣಗಳಿಗಾಗಿ ಶುರುವಾದ ಹಿಂದುಸ್ತಾನ್ ಮೆಷಿನ್ ಟೂಲ್ಸ್, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರ ಮಾಡತೊಡಗಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಜನತಾ, ಪೈಲಟ್, ಸೋನಾ, ಕೋಹಿನೂರ್, ಕಾಂಚನ್ ಎಂಬ ಹೆಸರುಗಳು ಕನ್ನಡದ ಮನೆಮಾತಾದವು. ಶ್ರೀನಗರದಲ್ಲಿ, ತುಮಕೂರಿನಲ್ಲಿ ಹೊಸ ಕಾರ್ಖಾನೆಗಳು ಎದ್ದವು. ಮೇಷ್ಟ್ರು, ಬ್ಯಾಂಕಿನವರು, ಬಸ್ ಕಂಡಕ್ಟರು, ಮದುವೆಯಲ್ಲಿ ಮಾವನಿಂದ ಉಡುಗೊರೆ ಪಡೆದ ಮದುಮಗ ಎಲ್ಲರ ಎಡಗೈಗೂ ಎಚ್‌ಎಂಟಿ ಬಂತು. ದಿನಕ್ಕೊಮ್ಮೆ ಚಾವಿ ಕೊಡುವುದು ಮನೆಯ ಯಜಮಾನನ ಬೆಳಗಿನ ಕೆಲಸಗಳಲ್ಲಿ ಒಂದಾಯಿತು.

ಜನತಾ ವಾಚಿನ ಕೊಂಬುಗಳ ನಡುವಿನ ಅಂತರ 18 ಮಿಲಿಮೀಟರ್. ಒಂದೇ ಅಳತೆಯ ವಾಚು ಲಕ್ಷಗಟ್ಟಲೆ ಕೈಗಳಿಗೆ ಏರಿದ್ದರಿಂದ ಬೆಲ್ಟಿನ ವ್ಯಾಪಾರಕ್ಕೂ ಒಂದು ಅಳತೆ ಸಿಕ್ಕಿತು. ಉಡುಪಿಯ ರಥಬೀದಿಯ ಸುತ್ತಮುತ್ತ, ಕಾರ್ಕಳದ ಪೇಟೆಯಲ್ಲಿ, ಕಾಪುವಿನ ಬಸ್ ನಿಲ್ದಾಣದ ಹತ್ತಿರ, ಎಲ್ಲಿ ಹೋದರೂ 18ರ ಬೆಲ್ಟು ಸಿಗುವಂತಾಯಿತು. ಚರ್ಮದ್ದು ಬೇಕೇ, ರೆಕ್ಸಿನಿನದೇ, ನೈಲಾನಿನದೇ, ಸ್ಟೀಲಿನ ಚೈನೇ ಎಂಬುದಷ್ಟೇ ಪ್ರಶ್ನೆ. ಈ ಪ್ರಶ್ನೆಗೆ ಉಡುಪಿ ಸೀಮೆ ಕೊಟ್ಟ ಉತ್ತರಗಳು ಮಾತ್ರ ಬೇರೆ ಊರುಗಳದಕ್ಕಿಂತ ಸ್ವಾರಸ್ಯಕರ.

ಹತ್ತಾರು ಕಿಲೋಮೀಟರುಗಳ ಒಳಗೆ ಇಲ್ಲಿ ಎಷ್ಟೊಂದು ನಂಬಿಕೆಗಳು ಅಕ್ಕಪಕ್ಕದಲ್ಲಿ ಬದುಕುತ್ತಿವೆ! 1432ರಲ್ಲಿ ಬಾಹುಬಲಿಯ ಮೂರ್ತಿ ನಿಂತ ಕಾರ್ಕಳದಲ್ಲಿ ಅಹಿಂಸೆಯನ್ನು ಕಟ್ಟುನಿಟ್ಟಾಗಿ ಪಾಲಿಸುವ ಜೈನ ಕುಟುಂಬಗಳಿಗೆ ಸತ್ತ ಪ್ರಾಣಿಯ ತೊಗಲು ಮೈಮೇಲೆ ಇರುವುದೇ ಒಪ್ಪಿಗೆಯಿಲ್ಲ. ಉಡುಪಿಯಲ್ಲಿ ಮಡಿಯಲ್ಲಿರುವವರಿಗೂ ಚರ್ಮ ವರ್ಜ್ಯ. ಬೆಲ್ಟು, ಪರ್ಸು ಕಳಚಿಟ್ಟೇ ಒಳಗೆ ಹೋಗುವ ದೇವಸ್ಥಾನಗಳು ಜಿಲ್ಲೆಯಲ್ಲಿ ಹಲವು. ದಿನಕ್ಕೆ ನಾಲ್ಕು ಸಲ ಬಿಚ್ಚಿ ಕಟ್ಟಿದರೆ ಮುಳ್ಳಿನ ತೂತು ಬೇಗ ಹಿಗ್ಗುತ್ತದೆ, ಬಿಚ್ಚಿಟ್ಟ ಕಡೆ ಮರೆಯುವುದೂ ಇದೆ. ವಾಚು ಕಳೆಯುವ ಅತಿ ಸುಲಭದ ದಾರಿಯೇ ಅದು. ಅಂಥವರಿಗೆ ಸ್ಟೀಲಿನ ಚೈನು ಅನುಕೂಲ.

ಉಚ್ಚಿಲದ ಮುಸ್ಲಿಂ ಮನೆಗಳಲ್ಲಿ ಇನ್ನೊಂದು ಲೆಕ್ಕ. ದಿನಕ್ಕೆ ಐದು ಹೊತ್ತಿನ ನಮಾಜಿಗೆ ಮುಂಚೆ ವುಝೂ ಮಾಡುವಾಗ ಮೊಣಕೈವರೆಗೆ ನೀರು ತಾಗಬೇಕು. ಚರ್ಮದ ಬೆಲ್ಟಾದರೆ ಐದು ಸಲ ಒದ್ದೆ, ಇಲ್ಲವೇ ಐದು ಸಲ ಬಿಚ್ಚಬೇಕು. ಒದ್ದೆಯಾದ ಚರ್ಮ ಈ ಹವೆಯಲ್ಲಿ ಒಣಗುವ ಮೊದಲೇ ಮುಂದಿನ ಹೊತ್ತು ಬಂದಿರುತ್ತದೆ. ಕೆಲವು ಹೊರದೇಶದ ಬೆಲ್ಟುಗಳ ಒಳಪದರಕ್ಕೆ ಹಂದಿಯ ಚರ್ಮ ಬಳಸುವುದರಿಂದ ಯಾವ ತೊಗಲು ಎಂದು ಕೇಳಿ ತಿಳಿದುಕೊಳ್ಳುವ ಜಾಗ್ರತೆ ಬೇರೆ. ಗಂಡಸರು ಬಂಗಾರ ತೊಡಬಾರದೆಂಬ ನಿಯಮ ಪಾಲಿಸುವವರು ಹೊನ್ನಿನ ಬಣ್ಣದ ಚೈನಿನ ಮುಂದೆಯೂ ಯೋಚಿಸುತ್ತಾರೆ. ಜೈನರಿಗೆ, ಮಡಿವಂತರಿಗೆ, ನಮಾಜು ಮಾಡುವವರಿಗೆ ಮೂರು ಬೇರೆ ಬೇರೆ ಕಾರಣಗಳು, ಕೊನೆಗೆ ಮೂವರೂ ಮುಟ್ಟಿದ್ದು ಬಿಳಿ ಸ್ಟೀಲಿನ ಚೈನಿಗೆ. ಹವಾಮಾನ ಹೇಳುತ್ತಿದ್ದುದೂ ಅದನ್ನೇ.

ಚೈನುಗಳಲ್ಲಿ ಆ ಕಾಲಕ್ಕೆ ಜನಪ್ರಿಯವಾದದ್ದು ಎಳೆದರೆ ಹಿಗ್ಗುವ ಸ್ಪ್ರಿಂಗ್ ಚೈನು. ಜರ್ಮನಿಯ ರೋವಿ ಕಂಪನಿಯ ಫಿಕ್ಸೋಫ್ಲೆಕ್ಸ್, ಅಮೆರಿಕದ ಸ್ಪೈಡೆಲ್ 1959ರಲ್ಲಿ ತಂದ ಟ್ವಿಸ್ಟ್ ಓ ಫ್ಲೆಕ್ಸ್ ಅದರ ಮೂಲ ಮಾದರಿಗಳು. ಬಕ್ಕಲೇ ಇಲ್ಲ, ಬಳೆಯಂತೆ ತೂರಿಸಿದರಾಯಿತು. ಕೈಯ ರೋಮ ಕೀಳುತ್ತದೆಂಬ ದೂರು ಎಲ್ಲರದೂ. ಅದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಹಾಕಿಕೊಳ್ಳುವವನಿಗೆ ಎಷ್ಟು ಸುಲಭವೋ ಕಸಿದುಕೊಳ್ಳುವವನಿಗೂ ಅಷ್ಟೇ ಸುಲಭ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಉಡುಪಿಯಲ್ಲಿ ನಡೆಯುವ ಪರ್ಯಾಯದ ರಾತ್ರಿಯಂಥ ಜನಜಂಗುಳಿಯಲ್ಲಿ ಹೆಬ್ಬೆರಳು ತೂರಿಸಿ ಎಳೆದರೆ ವಾಚು ಕೈದಾಟುತ್ತದೆ. ಸಣ್ಣ ಸ್ಪ್ರಿಂಗುಗಳ ಸಂದಿಯಲ್ಲಿ ಉಪ್ಪು, ಕೊಳೆ, ಮರಳು ಕೂತು ತುಕ್ಕು ಬೆಳೆಯುವುದೂ ಉಂಟು. ಬೆಲೆಬಾಳುವ ವಾಚಿಗೆ ಸ್ಪ್ರಿಂಗ್ ಚೈನು ತಕ್ಕದ್ದಲ್ಲ.

ಕೊಲ್ಲಿ ದೇಶಗಳ ಹಣ ಬರುವ ಮೊದಲೇ ಆ ಕಡೆಯ ವಾಚುಗಳು ಬಂದಿದ್ದವು. 1960 ಮತ್ತು 70ರ ದಶಕಗಳಲ್ಲಿ ಆಮದಿನ ಮೇಲೆ ಬಿಗಿ ಹತೋಟಿ ಇದ್ದುದರಿಂದ ದುಬೈ ಕಡೆಯಿಂದ ಪಶ್ಚಿಮ ಕರಾವಳಿಗೆ ಬಂಗಾರ, ಟ್ರಾನ್ಸಿಸ್ಟರುಗಳ ಜತೆ ಕೈಗಡಿಯಾರಗಳೂ ಕಳ್ಳದಾರಿಯಲ್ಲಿ ಬಂದವು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ದುಡಿಮೆಯ ನೇರ ದಾರಿ ತೆರೆಯಿತು. ಉಚ್ಚಿಲ, ಮೂಳೂರು, ಕಾಪು, ಪಡುಬಿದ್ರಿಗಳಿಂದ ಯುವಕರು ದುಬೈ, ಅಬುಧಾಬಿ, ಕುವೈತ್, ಬಹರೈನ್, ಸೌದಿಗಳಿಗೆ ಹೊರಟರು. ಮಂಗಳೂರಿನ ಬಜಪೆಯಿಂದ ಕೊಲ್ಲಿಗೆ ನೇರ ವಿಮಾನ ಹಾರಿದ್ದು 2006ರಲ್ಲಿ. ಅದಕ್ಕೆ ಮುಂಚೆ ಬೊಂಬಾಯಿಯಲ್ಲಿ ಇಳಿದು, ಕಸ್ಟಮ್ಸ್ ದಾಟಿ, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಊರು ಸೇರಬೇಕಿತ್ತು. ಪೆಟ್ಟಿಗೆಯೊಳಗೆ ಟೇಪ್ ರೆಕಾರ್ಡರು, ಅತ್ತರು, ಸೀರೆ. ಕೈಯಲ್ಲಿ ಸೀಕೊ ಫೈವ್, ಸಿಟಿಜನ್, ಇನ್ನೂ ಅನುಕೂಲಸ್ಥರಾದರೆ ರಾಡೋ.

1963ರಲ್ಲಿ ಮಾರುಕಟ್ಟೆಗೆ ಬಂದ ಸೀಕೊ ಫೈವ್‌ಗೆ ಚಾವಿ ಕೊಡುವ ತಾಪತ್ರಯವಿರಲಿಲ್ಲ, ಕೈ ಅಲ್ಲಾಡಿದರೆ ಸಾಕು. ದಿನ, ತಾರೀಕು ಎರಡೂ ಒಂದೇ ಕಿಟಕಿಯಲ್ಲಿ. ಜತೆಗೆ ಬಂದ ಚೈನು ಎಚ್‌ಎಂಟಿಯ ಕಾಲದ ಕಣ್ಣಿಗೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಆದರೆ ಆ ಚೈನಿನ ಕೊಂಡಿಗಳು ಹೆಚ್ಚಾಗಿ ತೆಳು ತಗಡನ್ನು ಮಡಚಿ ಮಾಡಿದವು, ಒಳಗೆ ಪೊಳ್ಳು. ವರ್ಷಗಳು ಉರುಳಿದಂತೆ ಸವೆದು, ಜೋಲು ಬಿದ್ದು, ಕೊಂಡಿ ಕೊಂಡಿಯ ನಡುವೆ ಸಂದು ಕಾಣುತ್ತಿತ್ತು. ಬಕ್ಕಲಿನ ತಗಡು ಸಡಿಲಾದರೆ ಸ್ಕೂಟರಿನ ಹ್ಯಾಂಡಲಿಗೆ ತಾಗಿಯೂ ತೆರೆದುಕೊಳ್ಳುತ್ತಿತ್ತು. ಹಾಗಾಗಿ ಬೀಗದ ಮೇಲೆ ಮತ್ತೊಂದು ಮಡಿಕೆ ಇರುವ ಜೋಡಿ ಲಾಕಿನ ಬಕ್ಕಲನ್ನೇ ಕೇಳಿ ತರಿಸುವವರು ಬಂದರು. ಇಂದಿಗೂ ಚೈನು ಆರಿಸುವವರು ನೋಡಬೇಕಾದದ್ದು ಇದೇ: ಗಟ್ಟಿ ಕೊಂಡಿ, ಒತ್ತುಗುಂಡಿ, ಅದರ ಮೇಲೊಂದು ರಕ್ಷಣೆಯ ಮಡಿಕೆ.

ಚೈನಿನೊಳಗಿನ ನಿಕ್ಕಲ್ಲಿಗೆ ಕೆಲವರ ಚರ್ಮ ಒಗ್ಗುವುದಿಲ್ಲ. ಸೆಕೆಗಾಲದಲ್ಲಿ ಮಣಿಕಟ್ಟಿನ ಸುತ್ತ ತುರಿಕೆಯ ಕೆಂಪು ಬಳೆ ಮೂಡುತ್ತದೆ. ಅಗ್ಗದ ಹಿತ್ತಾಳೆಗೆ ನಿಕ್ಕಲ್ ಲೇಪಿಸಿದ ಚೈನುಗಳಲ್ಲಿ ಇದು ಹೆಚ್ಚು. ಅಂಥವರು ಮತ್ತೆ ಚರ್ಮಕ್ಕೋ ನೈಲಾನಿಗೋ ಮರಳಿದರು.

ಕಡಲಿಗೆ ಹೋಗುವವರ ವಿಷಯ ಬೇರೆ. ಉಚ್ಚಿಲದ ಮರಳಿನಲ್ಲಿ ಮೊಗವೀರರು ರಂಪಣಿ ಬಲೆ ಎಳೆಯುತ್ತಿದ್ದ ಕಾಲದಲ್ಲಿ ಹತ್ತಾರು ಜನ ಸೊಂಟ ಮುಳುಗುವ ನೀರಿನಲ್ಲಿ ನಿಂತು ಹಗ್ಗ ಜಗ್ಗಬೇಕಿತ್ತು. ಅಲ್ಲಿ ವಾಚಿಗೆ ಕೆಲಸವಿರಲಿಲ್ಲ. ಗಾಳಿ, ಉಬ್ಬರ, ಇಳಿತ, ನೀರಿನ ಬಣ್ಣ ನೋಡಿ ಹೊತ್ತು ಹೇಳಬಲ್ಲ ಹಿರಿಯರಿದ್ದರು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು ರಂಪಣಿ ಹಿಂದೆ ಸರಿಯಿತು. ಮಲ್ಪೆ ಬಂದರಿನಲ್ಲಿ ಟ್ರಾಲ್ ಬೋಟುಗಳು ಹೆಚ್ಚಿದವು, ವಾರಗಟ್ಟಲೆ ಆಳಸಮುದ್ರದಲ್ಲಿರುವ ಕ್ರಮ ಬಂತು.

ಯಂತ್ರ ಬಂದ ಮೇಲೆ ಭದ್ರ ಬೆಲ್ಟು ಎಂಬುದರ ಇನ್ನೊಂದು ಮುಖ ಕಂಡಿತು. ಬಲೆಯ ರೋಪನ್ನು ಸುತ್ತುವ ವಿಂಚು ತಿರುಗುತ್ತಿರುವಾಗ ಕೈಯಲ್ಲಿರುವ ವಾಚು ಹಗ್ಗಕ್ಕೆ ಸಿಕ್ಕಿದರೆ ಏನಾಗಬೇಕು? ಬೆಲ್ಟು ಹರಿಯಬೇಕು. ಹರಿಯದಿದ್ದರೆ ಹೋಗುವುದು ಕೈ. ತಿರುಗುವ ಯಂತ್ರದ ಹತ್ತಿರ ಉಂಗುರ, ವಾಚು, ಬಳೆ ಬೇಡವೆಂಬುದು ಜಗತ್ತಿನೆಲ್ಲೆಡೆ ಕಾರ್ಖಾನೆಗಳ ಮೊದಲ ನಿಯಮ. ಹೆಂಚಿನ ಕಾರ್ಖಾನೆಗೂ ಅಕ್ಕಿಗಿರಣಿಗೂ ಬೋಟಿನ ಡೆಕ್ಕಿಗೂ ಅದು ಒಂದೇ. ಒಂದು ಮಿತಿಯ ಮೇಲೆ ಎಳೆದಾಗ ಸ್ಪ್ರಿಂಗ್ ಪಿನ್ನು ಬಿಟ್ಟುಕೊಡುವುದು ಇಂಥಲ್ಲಿ ಅದರ ಒಳ್ಳೆಯ ಗುಣವೇ. ಆದ್ದರಿಂದ ಬೆಲ್ಟು ಎಷ್ಟು ಗಟ್ಟಿಯಿರಬೇಕೆಂದು ಕೇಳುವ ಮೊದಲು ಕೈ ಏನು ಕೆಲಸ ಮಾಡುತ್ತದೆ ಎಂದು ಕೇಳಬೇಕು. ದುಡಿಯುವ ಕೈಗೆ ಬೆಲೆಬಾಳುವ ವಾಚನ್ನು ಮುರಿಯದ ಪಟ್ಟಿಯಲ್ಲಿ ಬಿಗಿದು ಕಳಿಸುವುದು ತಪ್ಪು. ವಾಚು ಮನೆಯಲ್ಲಿರಲಿ.

1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜಿನೊಂದಿಗೆ ಬೆಳೆಯತೊಡಗಿದ ಮಣಿಪಾಲಕ್ಕೆ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಬರುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು ಕೈ ತೊಳೆಯುವ ವೈದ್ಯರು ವಾಚು ಬಿಚ್ಚಲೇಬೇಕು. ಬೆಲ್ಟಿನ ಹೊಲಿಗೆಯಲ್ಲಿ, ಚೈನಿನ ಸಂದಿಯಲ್ಲಿ ರೋಗಾಣು ಉಳಿಯುತ್ತದೆ. ದಾದಿಯರು ನಾಡಿ ಎಣಿಸಲು ಎದೆಗೆ ಪಿನ್ನು ಮಾಡಿಕೊಳ್ಳುವ, ತಲೆಕೆಳಗಾಗಿ ತೂಗುವ ಗಡಿಯಾರವನ್ನು ಜಗತ್ತಿನ ಹಲವೆಡೆ ಬಳಸುತ್ತ ಬಂದದ್ದು ಈ ಕಾರಣಕ್ಕೆ. ಅಲ್ಲಿಗೆ ಮತ್ತೆ ಜೇಬು ಗಡಿಯಾರದ ಕಾಲದ ಉಪಾಯವೇ ಆಸ್ಪತ್ರೆಯಲ್ಲಿ ಉಳಿದುಕೊಂಡಂತಾಯಿತು.

ಭದ್ರತೆಗೆ ನಿಜವಾದ ಪರಿಹಾರ ಕೊಟ್ಟವರು ಮತ್ತೆ ಸೈನ್ಯದವರೇ. ಬ್ರಿಟನ್ನಿನ ರಕ್ಷಣಾ ಇಲಾಖೆ 1973ರಲ್ಲಿ ಒಂದು ನೈಲಾನ್ ಬೆಲ್ಟಿನ ಅಳತೆ, ಬಣ್ಣ, ಹೊಲಿಗೆಯನ್ನು ನಿಗದಿ ಮಾಡಿತು. 20 ಮಿಲಿಮೀಟರ್ ಅಗಲದ ಬೂದು ಪಟ್ಟಿ. ಇಂದು ನೇಟೊ ಬೆಲ್ಟೆಂದು ಮಾರುವುದು ಅದರ ಸಂತತಿಯನ್ನೇ. ಅದರ ಜಾಣತನ ಇರುವುದು ಕಟ್ಟುವ ರೀತಿಯಲ್ಲಿ. ಎರಡು ತುಂಡಿಲ್ಲ, ಒಂದೇ ಉದ್ದ ಪಟ್ಟಿ. ಮೇಲಿನ ಪಿನ್ನಿಗೂ ವಾಚಿಗೂ ನಡುವೆ ಒಳಹೋಗಿ, ವಾಚಿನ ಬೆನ್ನಿಗೆ ತಾಗಿಕೊಂಡು, ಕೆಳಗಿನ ಪಿನ್ನಿಗೂ ವಾಚಿಗೂ ನಡುವೆ ಹೊರಬರುತ್ತದೆ. ಒಂದು ಪಿನ್ನು ಮುರಿದರೂ ಇನ್ನೊಂದು ಪಿನ್ನು ಪಟ್ಟಿಗೆ ಸಿಕ್ಕಿಕೊಂಡು ವಾಚನ್ನು ತೂಗಿ ಹಿಡಿಯುತ್ತದೆ. ವಾಚು ಪಟ್ಟಿಯುದ್ದಕ್ಕೂ ಜಾರದಂತೆ ತಡೆಯಲು ಒಳಗೊಂದು ಸಣ್ಣ ತುಂಡು. ನೈಲಾನಿಗೆ ಉಪ್ಪು ನೀರಿನ ಹೆದರಿಕೆಯಿಲ್ಲ, ಸೋಪಿನಲ್ಲಿ ಒಗೆದು ಹಗ್ಗಕ್ಕೆ ಹಾಕಿದರೆ ಆಟಿಯಲ್ಲೂ ಬೆಳಗಾಗುವುದರೊಳಗೆ ಆರುತ್ತದೆ. ಉಚ್ಚಿಲದಂಥ ಊರಿಗೆ, ಸಮುದ್ರ, ಬೈಕು, ಬಸ್ಸುಗಳ ನಡುವೆ ಓಡಾಡುವ ಕೈಗೆ, ಇದಕ್ಕಿಂತ ಒಳ್ಳೆಯ ಬೆಲ್ಟು ಈವರೆಗೆ ಬಂದಿಲ್ಲ. ನೋಡಲು ಸಾದಾ ಎಂದು ಮದುವೆ ಮನೆಗೆ ಕೆಲವರು ಹಿಂಜರಿಯಬಹುದು. ಆ ದಿನಕ್ಕೆ ಚರ್ಮದ್ದೊಂದನ್ನು ಬೇರೆ ಇಟ್ಟುಕೊಂಡರೆ ಅದೂ ಬಹುಕಾಲ ಬಾಳುತ್ತದೆ.

ಚರ್ಮದಲ್ಲೂ ಒಂದು ಕಾಲದ ಬೆಡಗು ಮೊಸಳೆ, ಉಡ, ಹಾವುಗಳ ತೊಗಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಆ ವ್ಯಾಪಾರ ಅಪರಾಧವಾಯಿತು. ವಿದೇಶದಿಂದ ಮೊಸಳೆ ಚರ್ಮದ ಬೆಲ್ಟಿನ ವಾಚು ತರುವವರು ಇಂದಿಗೂ ಕಾಗದಪತ್ರ ಸರಿಯಿದೆಯೇ ಎಂದು ನೋಡಿಕೊಳ್ಳಬೇಕು. ಅಷ್ಟೆಲ್ಲ ಕಷ್ಟಪಟ್ಟು ತಂದರೂ ಈ ಕರಾವಳಿಯ ಎರಡು ಮಳೆಗಾಲಕ್ಕೆ ಅದರ ಒಳಪದರ ಬಿಚ್ಚಿಕೊಳ್ಳುತ್ತದೆ.

1980ರ ದಶಕ ಎಚ್‌ಎಂಟಿಯ ಏಕಸ್ವಾಮ್ಯ ಮುರಿದ ಕಾಲ. ಟಾಟಾ ಸಂಸ್ಥೆ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ ಸೇರಿ 1984ರಲ್ಲಿ ಟೈಟಾನ್ ಕಟ್ಟಿದವು. ಕಾರ್ಖಾನೆ ಹೊಸೂರಿನಲ್ಲಿ, ಕನ್ನಡ, ತೆಲುಗು, ತಮಿಳು ಮೂರೂ ಬೀದಿಯಲ್ಲಿ ಕೇಳುವ ಗಡಿನಾಡಿನಲ್ಲಿ. ಕ್ಸೆರ್ಕ್ಸೆಸ್ ದೇಸಾಯಿ ನೇತೃತ್ವದ ಆ ಕಂಪನಿ ಚಾವಿಯ ವಾಚನ್ನು ಬಿಟ್ಟು ಸೆಲ್ಲಿನ ಕ್ವಾರ್ಟ್ಜ್ ವಾಚನ್ನೇ ನೆಚ್ಚಿಕೊಂಡಿತು. ವಾಚಿನಷ್ಟೇ ಚೈನಿನ ಅಂದಕ್ಕೂ ಗಮನ ಕೊಟ್ಟಿತು. ಆ ಚೈನುಗಳ ಕಥೆಯಲ್ಲಿ ಮರೆಯಬಾರದ ಒಂದು ಅಧ್ಯಾಯವಿದೆ. 1990ರ ದಶಕದಲ್ಲಿ ಬೆಂಗಳೂರು ಮೂಲದ ಮೈರಾಡ ಸಂಸ್ಥೆಯ ಒತ್ತಾಸೆಯಿಂದ ಹೊಸೂರು ಸುತ್ತಿನ ಹಳ್ಳಿಗಳ ಸ್ವಸಹಾಯ ಗುಂಪಿನ ಹೆಂಗಸರು ಮೀಡೋ ಎಂಬ ಉದ್ದಿಮೆ ಕಟ್ಟಿ, ಟೈಟಾನಿಗಾಗಿ ವಾಚಿನ ಚೈನುಗಳನ್ನು ಜೋಡಿಸುವ ಕೆಲಸ ವಹಿಸಿಕೊಂಡರು. ಕೊಂಡಿಗೆ ಕೊಂಡಿ ಹೊಂದಿಸಿ, ಪಿನ್ನು ಕೂರಿಸುವ ನಾಜೂಕಿನ ಕೆಲಸ. ಚೈನು ಎಷ್ಟು ದುಬಾರಿಯದಾದರೂ ಅದರ ಭದ್ರತೆ ಒಂದೊಂದು ಕೊಂಡಿಯ ಪಿನ್ನಿನಲ್ಲಿದೆ. ಒಂದು ಪಿನ್ನು ಅರೆಬರೆ ಕೂತರೂ ಇಡೀ ಚೈನು ಬಿಡುತ್ತದೆ. ದೇಶದ ಎಷ್ಟೋ ಸಾವಿರ ಕೈಗಳಲ್ಲಿ ವಾಚು ಜಾರದೆ ನಿಂತಿರುವುದು ಆ ಹೆಂಗಸರ ಬೆರಳಿನ ನಂಬಿಕೆಯಿಂದ.

ಇದೇ ಹೊತ್ತಿಗೆ ಅಗ್ಗದ ರೆಸಿನ್ ಬೆಲ್ಟೂ ಬಂತು. ಕ್ಯಾಸಿಯೊ 1983ರಲ್ಲಿ ತಂದ ಜಿ ಶಾಕ್, 1989ರಲ್ಲಿ ತಂದ ಎಫ್ 91 ಡಬ್ಲ್ಯು ಶಾಲೆಯ ಹುಡುಗರಿಂದ ಬೋಟಿನ ತಂಡೇಲರವರೆಗೆ ಎಲ್ಲರಿಗೂ ಒಗ್ಗಿದವು. ನೀರಿನ ಭಯವಿಲ್ಲ, ತುಕ್ಕಿಲ್ಲ. ಆದರೆ ಪಾಲಿಯುರೇಥೇನ್ ಜಾತಿಯ ರೆಸಿನ್ನಿಗೆ ಸೆಕೆ ಮತ್ತು ತೇವ ಸೇರಿದರೆ ಆಯುಷ್ಯ ಕಡಿಮೆ. ಒಳಗೊಳಗೇ ಶಿಥಿಲವಾಗಿ ಒಂದು ದಿನ ಪಟಕ್ಕನೆ ತುಂಡಾಗುತ್ತದೆ. ಕಪಾಟಿನಲ್ಲಿ ಬಳಸದೆ ಇಟ್ಟದ್ದೂ ಹಾಗೆಯೇ. ಈಗಿನ ಸ್ಮಾರ್ಟ್ ವಾಚುಗಳಲ್ಲಿ ಬರುವ ಫ್ಲೋರೊ ರಬ್ಬರು ಅದಕ್ಕಿಂತ ಬಹಳ ಬಾಳಿಕೆಯದು.

ಎಚ್‌ಎಂಟಿಯ ವಾಚು ವಿಭಾಗವನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಕೈಗೊಂಡಿತು. ತುಮಕೂರಿನ ಕಾರ್ಖಾನೆ ಮೌನವಾಯಿತು. ಬೆಂಗಳೂರಿನಲ್ಲಿ 2019ರಲ್ಲಿ ಎಚ್‌ಎಂಟಿ ಪರಂಪರೆಯ ವಸ್ತುಸಂಗ್ರಹಾಲಯ ತೆರೆಯಿತು. ಮುಚ್ಚಿದ ಮೇಲೆ ಹಳೆ ವಾಚುಗಳಿಗೆ ಬೆಲೆ ಬಂತು. ಅಜ್ಜನ ಜನತಾ, ಅಪ್ಪ ದುಬೈನಿಂದ ತಂದ ಸೀಕೊ ಮೇಜಿನ ಖಾನೆಯಿಂದ ಹೊರಬಂದು ರಿಪೇರಿ ಅಂಗಡಿ ಸೇರಿದವು. ಇಂಥ ವಾಚು ಹಿಡಿದು ಬಂದವರು ಎಡವುವುದು ಸಾಮಾನ್ಯವಾಗಿ ಅಳತೆಯಲ್ಲಿ. 20ರ ಜಾಗಕ್ಕೆ 18ರ ಬೆಲ್ಟು ಹಾಕಿದರೆ ಅದು ಆಚೀಚೆ ಸರಿದಾಡಿ ಪಿನ್ನನ್ನು ಬಗ್ಗಿಸುತ್ತದೆ. 18ಕ್ಕೆ 20ನ್ನು ತುರುಕಿದರೆ ಪಿನ್ನಿನ ಮೂತಿ ಗುಳಿಯಲ್ಲಿ ಪೂರ್ತಿ ಕೂರುವುದಿಲ್ಲ. ಹಾಕಿಸಿಕೊಂಡ ಮೇಲೆ ಅಂಗಡಿಯಲ್ಲೇ ವಾಚನ್ನು ಹಿಡಿದು ಬೆಲ್ಟನ್ನು ಎರಡೂ ಬದಿಗೆ ಗಟ್ಟಿಯಾಗಿ ಜಗ್ಗಿ ನೋಡಬೇಕು. ಹಳೆ ವಾಚಿನ ಗುಳಿಗಳೇ ಸವೆದು ಅಗಲವಾಗಿದ್ದರೆ ಮೂತಿ ದಪ್ಪಗಿರುವ ಪಿನ್ನು ಕೇಳಬೇಕು. ಸಮುದ್ರಕ್ಕೆ ಇಳಿದು ಬಂದ ದಿನ ಸಿಹಿನೀರಿನಲ್ಲಿ ಬೆಲ್ಟು, ಚೈನು ತೊಳೆಯಬೇಕು. ನೀರು ತಡೆಯದ ಹಳೆಯ ವಾಚಾದರೆ ಬೆಲ್ಟನ್ನು ಕಳಚಿಯೇ ತೊಳೆಯುವುದು ಕ್ಷೇಮ. ಪಿನ್ನುಗಳನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸಿದರೆ ಒಳ್ಳೆಯದು. ಒಂದು ಜತೆ ಪಿನ್ನಿಗೆ ತಗಲುವುದು ಒಂದು ಊಟದ ಖರ್ಚಿಗಿಂತ ಕಡಿಮೆ.

ಹಳೆಯ ಸೀಕೊದ ಪೊಳ್ಳು ಕೊಂಡಿಯ ಚೈನು ಜೋಲು ಬಿದ್ದಿದ್ದರೆ ಅದನ್ನು ಬಿಗಿಗೊಳಿಸಲು ಹೋಗಿ ಕೆಡಿಸಬಾರದು. ವಾಚಿಗೆ ಒಂದೇ ತುಂಡಿನ ನೈಲಾನ್ ಬೆಲ್ಟು ಹಾಕಿಸಿ ದಿನಬಳಕೆಗೆ ಇಟ್ಟುಕೊಳ್ಳಬಹುದು. ಮೂಲ ಚೈನನ್ನು ತೊಳೆದು, ಚೆನ್ನಾಗಿ ಒರೆಸಿ, ತೇವ ಹೀರುವ ಸಿಲಿಕಾ ಪುಡಿಕೆಯೊಂದಿಗೆ ಡಬ್ಬಿಯಲ್ಲಿ ಮುಚ್ಚಿಡಬೇಕು. ಸಂಗ್ರಾಹಕರು ಆ ಕಾಲದ ವಾಚುಗಳಿಗೆ ಬೆಲೆ ಕಟ್ಟುವಾಗ ಮೊದಲು ಹುಟ್ಟಿನ ಚೈನು ಇದೆಯೇ ಎಂದು ಕೇಳುತ್ತಾರೆ, ಬಕ್ಕಲಿನ ಮೇಲಿನ ಗುರುತನ್ನೂ ಕೊನೆಯ ಕೊಂಡಿಯ ಸಂಖ್ಯೆಯನ್ನೂ ಮಸೂರ ಹಿಡಿದು ನೋಡುತ್ತಾರೆ.